ಒಂದು ಸೈಕಲ್ಲಿನ ಜೀರ್ಣೋದ್ಧಾರ

ಬಸದಿ, ದೇಗುಲಗಳಿಗೆ ದತ್ತಿ ಬಿಟ್ಟ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರುಕು ಬಿಟ್ಟುದನ್ನೂ ಸರಿಪಡಿಸುವುದೆಂದು ಅದರ ಅರ್ಥ, ಹೊಸದಾಗಿ ಕಟ್ಟುವುದೆಂದಲ್ಲ. ಪಾಂಡವಪುರದ ಯುವಕನೊಬ್ಬನಿಗೆ ಈ ವ್ಯತ್ಯಾಸ ಎದುರಾದದ್ದು ತಾತನ ಸೈಕಲ್ಲಿನಲ್ಲಿ.

28 ಅಂಗುಲದ ಚಕ್ರಗಳ ಆ ಸೈಕಲ್ಲಿನಲ್ಲಿ ತಾತ ಕೃಷ್ಣರಾಜಪೇಟೆಯ ಸಂತೆಗೆ ಒಬ್ಬರೇ, ನಾಗಮಂಗಲದ ನೆಂಟರ ಮನೆಗೆ ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಹೋಗಿಬರುತ್ತಿದ್ದರು. ಮೊಮ್ಮಗ ಅದನ್ನು ಫಿಕ್ಸೆಡ್ ಗೇರ್ ಮಾಡಲು ಹೊರಟ. ಅಂದರೆ ಫ್ರೀವೀಲ್ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ಹಳೆಯ ಹಬ್ಬಿಗೆ ಹಲ್ಲುಚಕ್ರ ಬಿಗಿದರೆ ಸಾಲದು, ಕಾಲಿನಿಂದ ತಡೆದಾಗ ಅದು ಬಿಚ್ಚಿಕೊಳ್ಳುತ್ತದೆ. ಎದುರು ದಿಕ್ಕಿಗೆ ತಿರುಗಿಸಿ ಬಿಗಿಯುವ ಲಾಕ್ ರಿಂಗ್ ಉಳ್ಳ ಬೇರೆ ಹಬ್ಬೇ ಬೇಕು. ಶ್ರೀರಂಗಪಟ್ಟಣದ ರಿಪೇರಿಯವರು ಅದನ್ನು ಹೊಂದಿಸಿಕೊಟ್ಟರು. ಮುಂದಿನ ಬ್ರೇಕು ತೆಗೆಯಲು ಮಾತ್ರ ಒಪ್ಪಲಿಲ್ಲ. ಮೇಲುಕೋಟೆಯ ಇಳಿಜಾರನ್ನು ಬಲ್ಲವರು ಅವರು.

ತೊಡಕು ಬಂದದ್ದು ಬಣ್ಣದಲ್ಲಿ. ಉಪ್ಪುಕಾಗದದಿಂದ ಉಜ್ಜುತ್ತಿದ್ದಂತೆ ಹಸಿರಿನ ಕೆಳಗೆ ಕಪ್ಪು, ಆ ಕಪ್ಪಿನ ಮೇಲೆ ಕುಂಚದ ಅಕ್ಷರಗಳು: ‘ಫ್ರೆಂಚ್ ರಾಕ್ಸ್’. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಪಾಂಡವಪುರಕ್ಕೆ ಅಂಟಿದ್ದ ಹಳೆಯ ಹೆಸರದು. ಸುಣ್ಣದ ಪದರಗಳಡಿ ಶಾಸನ ಹುಡುಕಿದವರಿಗೆ ಈ ಅನುಭವ ಹೊಸತಲ್ಲ. ಕೈ ಅಲ್ಲಿಗೇ ನಿಂತಿತು. ಉಳಿದ ಫ್ರೇಮಿಗೆ ಕೆಂಪು ಬಳಿದು, ಅಕ್ಷರಗಳಿದ್ದ ನಾಲ್ಕು ಬೆರಳಗಲಕ್ಕೆ ಬರಿಯ ವಾರ್ನಿಷ್ ಹಚ್ಚಿದ.

ತಾತ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ ಸೈಕಲ್ಲಿನ ಹಿಂಭಾಗ ನೋಡಿ, “ಹೆಸರು ಉಳಿಸ್ಕಂಡಿದ್ದೀಯ, ಸರಿ ಕಣ್ಲಾ. ಕ್ಯಾರಿಯರ್ ಎಲ್ಲಿ?” ಎಂದರು.

ಅದು ಅಷ್ಟರಲ್ಲಿ ಗುಜರಿಗೆ ಹೋಗಿತ್ತು.