ಕೆಸರಿನ ಕೆಳಗಿನ ಲೆಕ್ಕ

"ಮೂರು ತಿಂಗಳಾಯ್ತು ಸಾಹೇಬ್, ನೀರಲ್ಲಿ ನಾಲ್ಕು ಕಬ್ಬಿಣದ ಕೊಳವೆ ಬಿಟ್ಟರೆ ಏನೂ ಕಾಣೋದಿಲ್ಲವಲ್ಲ" ಎಂದು ಖಾಡಿಯ ದಂಡೆಯ ಚಹಾದಂಗಡಿಯವನು ಮರಾಠಿಯಲ್ಲಿ ಕೇಳಿದ್ದ. ಅವನ ತಪ್ಪಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ಕಣ್ಣಿಗೆ ಬೀಳದ್ದೇ.

ಮನೆ ಡೊಂಬಿವಲಿಯಲ್ಲಿ, ಕೆಲಸ ರಾಯಗಡ ಜಿಲ್ಲೆಯ ಒಂದು ಖಾಡಿಯ ಮೇಲೆ. ಸೋಮವಾರ ಹೋದರೆ ಶನಿವಾರ ವಾಪಸು. ಖಾಡಿ ಎಂದರೆ ನಮ್ಮ ಅಂಕೋಲೆ ಕಡೆಯ ಅಳಿವೆಯಂಥದ್ದೇ. ಭರತ ಬಂದಾಗ ಸಮುದ್ರ, ಇಳಿತಕ್ಕೆ ಕೆಸರು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತಕ್ಕೆ ಅಲ್ಲಿಯವರು 'ಉಧಾಣ' ಅನ್ನುತ್ತಾರೆ. ತಾರಿ ದೋಣಿ ನೋಡಿ ಬೆಳೆದ ನನಗೆ ಹೊಸದಾಗಿದ್ದದ್ದು ಆ ಶಬ್ದವೊಂದೇ.

ಹಳೆಯ ಸೇತುವೆ ಉಪ್ಪಿಗೆ ಸೋತಿತ್ತು. ಸದಾ ನೀರೊಳಗೇ ಇರುವ ಕಾಂಕ್ರೀಟಿಗೆ ಅಷ್ಟು ಭಯವಿಲ್ಲ. ದಿನಕ್ಕೆರಡು ಸಲ ನೆನೆದು ಎರಡು ಸಲ ಒಣಗುವ ಭಾಗಕ್ಕೇ ಆಪತ್ತು. ಉಪ್ಪು ಒಳಗಿಳಿದು ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಗೋವೆಯ ಮಾಂಡವಿ ಸೇತುವೆ ಎರಡು ದಶಕವೂ ಬಾಳದೆ 1986ರಲ್ಲಿ ಕುಸಿದದ್ದನ್ನು ನಮ್ಮ ಕಡೆಯ ಹಿರಿಯರು ಇನ್ನೂ ಮರೆತಿಲ್ಲ. ಅಲ್ಲಿಯೂ ಒಳಗಿನ ಉಕ್ಕಿನ ತಂತಿಗಳನ್ನು ತುಕ್ಕು ತಿಂದಿತ್ತು. ಅದಕ್ಕೇ ಈಗ ಸರಳಿನ ಹೊರಗೆ 75 ಮಿಲಿಮೀಟರ್ ಕಾಂಕ್ರೀಟು, ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ ಸಿಮೆಂಟು.

ಅಡಿಪಾಯದ ಕತೆ ಬೇರೆ. ಮೇಲೆ ಹತ್ತು ಹನ್ನೆರಡು ಮೀಟರ್ ಬರೀ ಹೂಳು, ಕಾಲಿಟ್ಟರೆ ಮೊಣಕಾಲು ನುಂಗುವಂಥದ್ದು. ಅದರ ಕೆಳಗೆ ಕೊಳೆತ ಕಲ್ಲು, ಇನ್ನೂ ಕೆಳಗೆ ಗಟ್ಟಿ ಕರಿಕಲ್ಲು. ಮಳೆಗಾಲದ ಸೆಳೆತ ಕಂಬದ ಬುಡದ ಮಣ್ಣನ್ನು ಕೆರೆದೊಯ್ಯುವುದರಿಂದ ಹೂಳನ್ನು ನಂಬುವ ಹಾಗೇ ಇಲ್ಲ. 1,200 ಮಿಲಿಮೀಟರ್ ಅಗಲದ ರಂಧ್ರವನ್ನು 26 ಮೀಟರ್ ಕೊರೆದು, ತುದಿಯನ್ನು ಕರಿಕಲ್ಲಿನಲ್ಲಿ ಊರಬೇಕು. ಗೋಡೆ ಕುಸಿಯದಂತೆ ಮೇಲ್ಭಾಗಕ್ಕೆ ಉಕ್ಕಿನ ಕೊಳವೆ, ಒಳಗೆ ಬೆಂಟೊನೈಟ್ ಜೇಡಿಯ ನೀರು. ಕಾಂಕ್ರೀಟನ್ನು ಸುರಿಯುವ ಹಾಗಿಲ್ಲ. 'ಟ್ರೆಮಿ' ಎಂಬ ಉದ್ದ ಪೈಪನ್ನು ತಳದವರೆಗೆ ಇಳಿಸಿ ಅದರೊಳಗಿಂದ ಬಿಡಬೇಕು. ಕಾಂಕ್ರೀಟು ಕೆಳಗಿನಿಂದ ಏರುತ್ತ ಜೇಡಿನೀರನ್ನು ಮೇಲೆ ತಳ್ಳುತ್ತದೆ. ಏರಿದಂತೆ ಪೈಪಿನ ತುಂಡು ಕಳಚುತ್ತ ಬರಬೇಕು. ಆದರೆ ಪೈಪಿನ ಬಾಯಿ ಯಾವಾಗಲೂ ಎರಡು ಮೀಟರಾದರೂ ಕಾಂಕ್ರೀಟಿನಲ್ಲಿ ಮುಳುಗಿರಬೇಕು. ಅಡುಗೆಗಿಂತ ಕಷ್ಟವೇನಲ್ಲ, ಗಮನ ಬೇಕು ಅಷ್ಟೇ.

2019ರ ಮೇ ತಿಂಗಳು. ಹುಣ್ಣಿಮೆ ಎದುರಿಗಿತ್ತು. ಆರು ಘನ ಮೀಟರಿನ ಮೂರು ಗಾಡಿ ಕಾಂಕ್ರೀಟು ಇಳಿದಿತ್ತು. ನಾಲ್ಕನೆಯದು ಘಾಟಿಯಲ್ಲೆಲ್ಲೋ ಸಿಕ್ಕಿಬಿದ್ದು ಎರಡು ತಾಸು ತಡ. ಪೈಪು ಕಚ್ಚಿಕೊಳ್ಳಬಾರದೆಂದು ಹುಡುಗರು ಮೇಲೆ ಕೆಳಗೆ ಆಡಿಸುತ್ತಿದ್ದರು. ಆಗ ಊರಿನಿಂದ ಫೋನು. "ಬಂಡಿಹಬ್ಬಕ್ಕೆ ಬರ್ತ್ಯೋ ಇಲ್ವೋ ತಮ್ಮಾ? ಅಪ್ಪ ಕೇಳ್ತಾ ಇದ್ರು" ಎಂದಳು ಆಯಿ. ಅಟ್ಟಣೆಯ ಮೂಲೆಗೆ ಹೋಗಿ ಮಾತಾಡಿದೆ. ಹತ್ತೇ ನಿಮಿಷ. ತಿರುಗಿ ಬಂದರೆ ಒಂದು ತುಂಡು ಹೆಚ್ಚಿಗೆ ಕಳಚಿದ್ದರು.

ಅಳತೆಯ ಹಗ್ಗ ಬಿಟ್ಟೆ. ಕಾಂಕ್ರೀಟಿನ ತಲೆ 10.6 ಮೀಟರ್ ಕೆಳಗೆ. ಪೈಪು ಉಳಿದದ್ದು 10. ಇನ್ನೊಮ್ಮೆ ಅಳೆದೆ, ಅಷ್ಟೇ.

ಮೇಸ್ತ್ರಿ ಪೈಪನ್ನು ಮತ್ತೆ ಚುಚ್ಚಿ ಮುಂದುವರಿಸೋಣ ಎಂದ. "ಕೆಳಗಿಂದು ಯಾರು ನೋಡ್ತಾರೆ ಸಾಬ್?" ನಿಜ, ಯಾರೂ ನೋಡುವುದಿಲ್ಲ. ಹಾಗೆ ಚುಚ್ಚಿದರೆ ನಡುವೆ ಜೇಡಿ ಸೇರಿದ ಒಂದು ಪದರ ಕೂತುಬಿಡುತ್ತದೆ. ಮುಂದೆ ಸುತ್ತಿಗೆಯಿಂದ ತಟ್ಟಿ ನೋಡುವ ಪರೀಕ್ಷೆಯಲ್ಲಿ ಅದು ಸಿಕ್ಕಿದರೆ ಸಿಕ್ಕೀತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು, ಕಾಗದದಲ್ಲಿ ಅಂಕಿ ತುಂಬಬೇಕಾದವನು ನಾನು. 10 ರ ಬದಲು 13 ಎಂದು ಬರೆಯಲು ಎಷ್ಟು ಹೊತ್ತು? ಸುಳ್ಳು ಹೇಳುವುದಿಲ್ಲ, ಪೆನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನಿಂತಿದ್ದೆ. ಇದ್ದದ್ದನ್ನು ಬರೆದೆ. ನಾನು ಫೋನಿನಲ್ಲಿದ್ದೆ ಎಂದೂ ಬರೆದೆ.

ಆ ಪೈಲ್ ರದ್ದಾಯಿತು. ಒಂದು ಕೆಟ್ಟರೆ ಪಕ್ಕದಲ್ಲಿ ಒಂದು ಕೊರೆದರೆ ಸಾಲದು. ಭಾರ ಒಂದು ಕಡೆ ವಾಲದಂತೆ ಅತ್ತ ಒಂದು, ಇತ್ತ ಒಂದು ಬೇಕು. ಅವುಗಳ ತಲೆ ಕೂಡಿಸುವ ಪೈಲ್ ಕ್ಯಾಪನ್ನೂ ಅಗಲಿಸಬೇಕು. ವಿನ್ಯಾಸ ತಿದ್ದಿ ಬರುವಷ್ಟರಲ್ಲಿ ಮಳೆ ಹಿಡಿಯಿತು. ಕೆಲಸ ದೀಪಾವಳಿಯ ಮೇಲಕ್ಕೆ ಹೋಯಿತು. ಗುತ್ತಿಗೆದಾರರು ನನ್ನೊಡನೆ ಮಾತು ಬಿಟ್ಟರು. ಅದೇನೂ ದೊಡ್ಡ ವಿಷಯವಲ್ಲ. ಆದರೆ ಹಳೆಯ ಸೇತುವೆಯ ಮೇಲೆ ಬಸ್ಸು ಬಿಡುತ್ತಿರಲಿಲ್ಲ. ಮಕ್ಕಳು ಆ ಮಳೆಗಾಲವಿಡೀ ಈ ದಂಡೆಯಲ್ಲಿ ಇಳಿದು, ಕೊಡೆ ಹಿಡಿದು ನಡೆದೇ ದಾಟಿದರು. ಸೈಟಿನ ಶೆಡ್ಡಿನಿಂದ ದಿನಾ ಕಾಣುತ್ತಿತ್ತು. ಚಹಾದಂಗಡಿಯವನು ಆಮೇಲೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಬಂಡಿಹಬ್ಬಕ್ಕೂ ಹೋಗಲಾಗಲಿಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ. ಬೆಳಿಗ್ಗೆಯೇ ಆಯಿಯ ಫೋನು. ನಾವೆಲ್ಲ ಗೋವೆಗೆ ಹೋಗುವಾಗ ದಾಟುತ್ತಿದ್ದ ಸೇತುವೆ ಅದು.

"ನೀ ಕಟ್ಟಿದ್ದು ಗಟ್ಟಿ ಐತೇನೋ?"

"ಒಂದು ಕಂಬದ ಬುಡ ಮಾತ್ರ ಉಳಿದದ್ದಕ್ಕಿಂತ ಅಗಲ ಇದೆ ಆಯೀ. ಇಳಿತದಲ್ಲಿ ಕಾಣ್ತದೆ."

"ಅದ್ಯಾಕೆ?"

"ನೀನು ಫೋನ್ ಮಾಡಿದ್ಯಲ್ಲ, ಅದಕ್ಕೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕಳು.