ಫೋರ್ಸ್ ಅಂದರೆ ಅಬ್ಬಿ

ಉತ್ತರ ಇಂಗ್ಲೆಂಡಿನ ನಕಾಶೆಯಲ್ಲಿ ಜಲಪಾತ ಹುಡುಕುವವರಿಗೆ ಮತ್ತೆ ಮತ್ತೆ ಎದುರಾಗುವ ಪದ 'ಫೋರ್ಸ್'. ಹೈ ಫೋರ್ಸ್, ಲೋ ಫೋರ್ಸ್, ಹಾರ್ಡ್ರಾ ಫೋರ್ಸ್, ಏರಾ ಫೋರ್ಸ್. ನೀರು ರಭಸದಿಂದ ಬೀಳುವುದಕ್ಕೆ ಈ ಹೆಸರು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಶಕ್ತಿ ಎಂಬರ್ಥದ ಇಂಗ್ಲಿಷ್ ಪದಕ್ಕೂ ಇದಕ್ಕೂ ನಂಟಿಲ್ಲ. 9-10ನೇ ಶತಮಾನಗಳಲ್ಲಿ ಕಡಲು ದಾಟಿ ಬಂದು ಇಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯಾದ ಜನರ ಹಳೆಯ ನಾರ್ಸ್ ಭಾಷೆಯ ಪದವಿದು. ಅರ್ಥ, ಜಲಪಾತ. ಐಸ್‌ಲ್ಯಾಂಡಿನ ಗುಲ್‌ಫಾಸ್ ಹೆಸರಿನ ಬಾಲದಲ್ಲಿರುವುದೂ ಇದೇ ಪದ.

ಇವುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಡರಮ್ ಪ್ರಾಂತ್ಯದ ಹೈ ಫೋರ್ಸ್. ಬೌಲೀಸ್ ಎಂಬಲ್ಲಿಂದ ಹೊರಟರೆ ಮೊದಲು 1830ರ ವಿಂಚ್ ತೂಗುಸೇತುವೆ ಸಿಗುತ್ತದೆ. ಅದರ ಮೇಲೆ ಒಬ್ಬೊಬ್ಬರಾಗಿಯೇ ದಾಟಬೇಕು. ಪಕ್ಕದಲ್ಲೇ ಮೆಟ್ಟಿಲಿಳಿಯುವ ಲೋ ಫೋರ್ಸ್. ಅಲ್ಲಿಂದ ಟೀಸ್ ನದಿಯ ದಂಡೆ ಹಿಡಿದು ಮೇಲಕ್ಕೆ ನಡೆದರೆ ಹೈ ಫೋರ್ಸ್. ಬೆಟ್ಟದ ಮೇಲಿನ ಪೀಟ್ ಮಣ್ಣಿನಲ್ಲಿ ನೆನೆದು ಬರುವುದರಿಂದ ನೀರಿಗೆ ಚಹಾ ಡಿಕಾಕ್ಷನ್ನಿನ ಬಣ್ಣ.

ಎತ್ತರ ಸುಮಾರು 21 ಮೀಟರ್. ಜೋಗದ 253 ಮೀಟರ್ ನೋಡಿದ ಕಣ್ಣಿಗೆ ಇದೇನು ಎನ್ನಿಸುವುದು ಸಹಜ. ಆದರೆ ಬಂಡೆಯನ್ನು ನೋಡಬೇಕು. ಮೇಲಿನದು ವಿನ್ ಸಿಲ್ ಎಂಬ ಕರಿ ಡಾಲರೈಟ್ ಪದರ, ಸುಮಾರು 29.5 ಕೋಟಿ ವರ್ಷಗಳ ಹಿಂದೆ ಶಿಲಾಪಾಕ ನುಗ್ಗಿ ಗಟ್ಟಿಯಾದದ್ದು. ಅದರಡಿಯಲ್ಲಿ ಮೆತ್ತನೆಯ ಸುಣ್ಣಕಲ್ಲು, ಮರಳುಗಲ್ಲು. ನೀರು ಕೆಳಗಿನದನ್ನು ಕೊರೆಯುತ್ತದೆ, ಆಸರೆ ತಪ್ಪಿದ ಮೇಲಿನದು ಮುರಿದು ಬೀಳುತ್ತದೆ, ಜಲಪಾತ ಒಂದಿಷ್ಟು ಹಿಂದೆ ಸರಿಯುತ್ತದೆ. ಮುಂದಿರುವ ಕಮರಿ ಅದು ನಡೆದು ಬಂದ ದಾರಿ.

ಪದಗಳಿಗೂ ಇಂಥದೇ ಸವೆತವಿದೆ. ಇಂಗ್ಲೆಂಡಿನಲ್ಲಿ ನಾರ್ಸ್ ಆಡುವವರು ಇಲ್ಲವಾಗಿ ಶತಮಾನಗಳೇ ಕಳೆದವು. ಹೊಳೆಗೆ ಬೆಕ್, ಕೊರಕಲಿಗೆ ಗಿಲ್, ಬೆಟ್ಟಕ್ಕೆ ಫೆಲ್ ಎಂಬ ಅವರ ಪದಗಳು ಇಲ್ಲಿ ಉಳಿದುಕೊಂಡಿವೆ. ಫೋರ್ಸ್‌ನ ಅರ್ಥ ಮಾತ್ರ ಎಷ್ಟು ಮಸುಕಾಗಿದೆಯೆಂದರೆ ಈಗ 'ಹೈ ಫೋರ್ಸ್ ವಾಟರ್‌ಫಾಲ್' ಎನ್ನುತ್ತಾರೆ. ಜಲಪಾತಕ್ಕೆ ಇನ್ನೊಂದು ಜಲಪಾತ ಸೇರಿಸಿ.

ಮಡಿಕೇರಿಯ ಹತ್ತಿರ ನಾವು ಮಾಡಿರುವುದೂ ಇದನ್ನೇ. ಕೊಡವ ಭಾಷೆಯಲ್ಲಿ ಅಬ್ಬಿ ಎಂದರೆ ಜಲಪಾತ. ನಾವು 'ಅಬ್ಬಿ ಫಾಲ್ಸ್' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದು 'ಅಬೆ' ಆಗಿ, ಹೊರಗಿನಿಂದ ಬಂದವರು ಕ್ರೈಸ್ತ ಮಠವೊಂದನ್ನು ಊಹಿಸಿಕೊಳ್ಳುವ ಹಾಗಾಗಿದೆ. ಒಂದು ವ್ಯತ್ಯಾಸವಿದೆ. ಫೋರ್ಸ್ ಎಂದರೇನೆಂದು ಕೇಳಿದರೆ ಆ ಕಣಿವೆಯಲ್ಲಿ ನಿಘಂಟು ತೆರೆಯಬೇಕು. ಅಬ್ಬಿ ಎಂದರೇನೆಂದು ಕೊಡಗಿನ ಅಜ್ಜಿಯೊಬ್ಬರು ಇನ್ನೂ ಹೇಳಬಲ್ಲರು. ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಕೊಡವವೂ ಇದೆ. ಮುಂದಿನ ಸಲ ಅಲ್ಲಿಗೆ ಹೋದಾಗ ಫೋಟೊ ತೆಗೆಯುವ ಮೊದಲು ಊರಿನ ಯಾರನ್ನಾದರೂ ಆ ಪದದ ಬಗ್ಗೆ ಕೇಳಿ ನೋಡಿ.