ಆವಕದ ಸಂಖ್ಯೆ

ಪರಸ್ಥಳದಲ್ಲಿ ಸಂಘ ಕಟ್ಟಿಕೊಂಡು ಬಾಳುವ ನಮ್ಮಂಥವರಿಗೆ ಸರಕಾರಿ ಕಚೇರಿಯ ಮೌನವು ಹೊಸದೇನಲ್ಲ. ಹಿಂದೆ ಟಪಾಲಿನಲ್ಲಿ ಹೋದ ಅರ್ಜಿಗೆ ಉತ್ತರ ಬರುತ್ತಿರಲಿಲ್ಲ. ಈಗ ಇಮೇಲಿನಲ್ಲಿ ಹೋದುದಕ್ಕೂ ಬರುವುದಿಲ್ಲ. ವೇಗ ಹೆಚ್ಚಿದ್ದು ಹೋಗುವುದಕ್ಕೆ ಮಾತ್ರ!

ನಮ್ಮ ಉಪನಗರದ ಕನ್ನಡ ಶಾಲೆಯಲ್ಲಿ ಶಿಕ್ಷಕಿಯೊಬ್ಬರು ನಿವೃತ್ತರಾದರು. ಆ ಸ್ಥಾನಕ್ಕೆ ಯಾರೂ ಬರಲಿಲ್ಲ. ಎರಡು ತರಗತಿಗಳು ಒಂದೇ ಕೋಣೆಯಲ್ಲಿ ಕುಳಿತವು. ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುವ ಮಾತು ಮನೆಮನೆಗಳಲ್ಲಿ ಎದ್ದಿತು. ಸಂಘದಿಂದ ನಾವು ಮೂರು ಇಮೇಲ್ ಕಳಿಸಿದೆವು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಕೊನೆಗೆ ಕಚೇರಿಗೇ ಹೋದೆವು. ಅಲ್ಲಿಯ ಹಿರಿಯ ಗುಮಾಸ್ತರೊಬ್ಬರು ಒಳಗುಟ್ಟು ತಿಳಿಸಿದರು: “ಆವಕ ಪುಸ್ತಕದಲ್ಲಿ ಸಂಖ್ಯೆ ಬೀಳದ ಕಾಗದ ಯಾರ ಮೇಜಿಗೂ ಸೇರಿದ್ದಲ್ಲ, ಸ್ವಾಮಿ. ಅದಕ್ಕೆ ಉತ್ತರವೇಕಿಲ್ಲವೆಂದು ಯಾರನ್ನು ಕೇಳುವಿರಿ?”

ಮಾತು ದಿಟವಾದುದು. ಮನವಿಯು ಒಬ್ಬರೇ ಅಧಿಕಾರಿಗೆ, ಅವರ ಹುದ್ದೆಯ ಹೆಸರಿನಲ್ಲಿ ಹೋಗಬೇಕು. ವಿಷಯ ಒಂದೇ ಇರಬೇಕು, ಪುಟವೂ ಒಂದೇ. ನಮ್ಮ ಪ್ರತಿಯ ಮೇಲೆ ಮುದ್ರೆ, ಸಂಖ್ಯೆ, ತಾರೀಖು ಬೀಳಬೇಕು. ಮುಂದೆ ಬರೆಯುವ ಪ್ರತಿಯೊಂದು ಇಮೇಲಿನ ತಲೆಯಲ್ಲಿ ಆ ಸಂಖ್ಯೆಯೇ ಮೊದಲಿರಬೇಕು.

ಸಂವಿಧಾನದ 350ನೆಯ ಅನುಚ್ಛೇದವು ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಉತ್ತರಕ್ಕೆ ಗಡುವು ಹಾಕಿಲ್ಲ. ಗಡುವು ದೊರೆತದ್ದು 2005ರ ಮಾಹಿತಿ ಹಕ್ಕು ಕಾಯಿದೆಯಿಂದ: 30 ದಿನ. ಕೇಳುವುದಕ್ಕೆ ಕಾರಣ ಹೇಳಬೇಕಾಗಿಲ್ಲ. ಉತ್ತರ ಬಾರದಿದ್ದರೆ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಈ ಹಕ್ಕು ನಾಗರಿಕರದು. ಆದುದರಿಂದ ಸಂಘದವರೊಬ್ಬರು ತಮ್ಮ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕುವುದು ಲೇಸು. “ಶಿಕ್ಷಕರನ್ನು ಕೊಡಿ” ಎಂದು ಅದರಲ್ಲಿ ಬೇಡುವಂತಿಲ್ಲ. “ಇಂಥ ಸಂಖ್ಯೆಯ ಮನವಿಯ ಮೇಲೆ ಏನು ಕ್ರಮ ನಡೆದಿದೆ? ಕಡತದ ಮೇಲಿನ ಟಿಪ್ಪಣಿಗಳ ಪ್ರತಿ ಕೊಡಿ” ಎಂದು ಧಾರಾಳವಾಗಿ ಕೇಳಬಹುದು.

ನಾವು ಹಾಗೆಯೇ ಕೇಳಿದೆವು. ಗಡುವಿನೊಳಗೆ ಉತ್ತರ ಬಂದಿತು. ಶಿಕ್ಷಕರು ಇನ್ನೂ ಬಂದಿಲ್ಲವೆಂಬುದು ನಿಜ. ಆದರೆ ಕಡತ ಯಾರ ಮೇಜಿನ ಮೇಲೆ ಮಲಗಿದೆಯೆಂದು ಈಗ ನಾವು ಬಲ್ಲೆವು. ನಾವು ಬಲ್ಲೆವೆಂದು ಅವರೂ ಬಲ್ಲರು. ಪಾಲಕರಿಗೆ ತೋರಿಸಲು ಕೈಯಲ್ಲೊಂದು ಕಾಗದವಿದೆ. ಹೋಗಲಿದ್ದ ಕೆಲವು ಮಕ್ಕಳು ಈ ವರ್ಷ ಉಳಿದುಕೊಂಡಿದ್ದಾರೆ.

ಬಂಧುಗಳೇ, ಪ್ರತಿ ಸಂಘದಲ್ಲಿಯೂ ಒಂದು ಜಾವಕ ಪುಸ್ತಕವಿರಲಿ. ಕಳಿಸಿದ ದಿನ, ದೊರೆತ ಸಂಖ್ಯೆ, ಮತ್ತೆ ನೆನಪಿಸಬೇಕಾದ ದಿನ ಅದರಲ್ಲಿ ಬರೆದಿರಲಿ. ಪದಾಧಿಕಾರಿಗಳು ಬದಲಾದರೂ ಪುಸ್ತಕ ಮರೆಯುವುದಿಲ್ಲ.